ಇಂದ್ರಾಣಕ್ಕ ತೊಳೆದ ಕಂಪ್ಯೂಟರು

ಇಂದ್ರಾಣಕ್ಕನನ್ನು ನಾನು ಮೊದಲು ನೋಡಿದ್ದು ಬಂಗಾರಪೇಟೆ ಸ್ಟೇಷನ್ನಿನಲ್ಲಿ, ಮಾರಿಕುಪ್ಪಂ ರೈಲು ನಿಲ್ಲುವ ಪ್ಲಾಟ್‌ಫಾರ್ಮಿನ ಕೊನೆಯ ಬೆಂಚಿನ ಹತ್ತಿರ. ಮಾರ್ಚ್ ತಿಂಗಳ ಸಂಜೆ. ಬೆಂಚಿನ ಮೇಲೆ ಅವರು ಕೂತಿರಲಿಲ್ಲ. ಹಸಿರು ಸೀರೆಯಲ್ಲಿ ಸುತ್ತಿದ ದೊಡ್ಡದೊಂದು ಗಂಟು ಕೂತಿತ್ತು, ಅವರು ಅದರ ಪಕ್ಕ ನಿಂತು, ನಿದ್ದೆ ಹೋದ ಮಗುವನ್ನು ತಟ್ಟುವ ಹಾಗೆ ಅದರ ಮೇಲೆ ಕೈಯಿಟ್ಟಿದ್ದರು. ಐವತ್ತು ದಾಟಿದ ಹೆಂಗಸು. ಗಿಡ್ಡ, ಗಟ್ಟಿಮುಟ್ಟು. ಕೊರಳಲ್ಲಿ ಟೈಲರುಗಳು ಅಳತೆ ತೆಗೆಯುವ ಹಳದಿ ಟೇಪು ಹಾಗೇ ಜೋತಾಡುತ್ತಿತ್ತು. ತೆಗೆದಿಡಲು ಮರೆತು ಹೊರಟುಬಂದಿದ್ದರೆಂದು ಕಾಣುತ್ತದೆ.

ನಾನು ಆಗಷ್ಟೇ ಬಂಗಾರಪೇಟೆಯ ಕಾಲೇಜೊಂದಕ್ಕೆ ಅತಿಥಿ ಉಪನ್ಯಾಸಕನಾಗಿ ಸೇರಿ, ಗಣಿ ಊರು ಕೆಜಿಎಫ್‌ನ ಕೋರಮಂಡಲ್‌ನಲ್ಲಿ ಬಾಡಿಗೆಗೆ ರೂಮು ಹಿಡಿದಿದ್ದೆ. ರೈಲು ಬಂದು ನಿಂತಾಗ ಅವರು ಸುತ್ತ ನಿಂತಿದ್ದವರನ್ನೆಲ್ಲ ಒಂದು ಸಲ ಅಳೆದು ನೋಡಿ ನನ್ನನ್ನು ಆರಿಸಿಕೊಂಡರು.

"ಏ ತಮ್ಮಾ, ಒಂದು ಕೈ ಆಕಪ್ಪ. ಮುಖದ ಕಡೆ ನೀನು ಇಡ್ಕೋ, ಕತ್ತಿನ ಕಡೆ ನಾನು ಇಡ್ಕೊತೀನಿ. ಕತ್ತಿಗೆ ಏಟು ಬಿದ್ರೆ ಓಯ್ತು."

ಕತ್ತು ಎಂದ ಕೂಡಲೇ ನನಗೆ ಗಾಬರಿಯಾಯಿತು. ಆದರೂ ಹಿಡಿದೆ. ಇಬ್ಬರೂ ಸೇರಿ ಅದನ್ನು ಹತ್ತಿಸಿ, ಕಿಟಕಿ ಪಕ್ಕದ ಸೀಟಿನ ಮೇಲೆ ಕೂರಿಸಿದೆವು. ಎದುರಿಗೆ ಕೂತಿದ್ದ ಸೊಪ್ಪು ಮಾರುವಾಕೆ ತನ್ನ ಖಾಲಿ ಬುಟ್ಟಿಯನ್ನು ಕಾಲ ಸಂದಿಗೆ ಎಳೆದುಕೊಂಡು, ಸೀರೆಯ ಸಂದಿಯಲ್ಲಿ ಇಣುಕಿದ ಗಾಜನ್ನು ನೋಡಿದಳು.

"ಟೀವಿನಾ ಅಕ್ಕಾ? ಈಗೆಲ್ಲಾ ಗೋಡೆಗೆ ತಗಲಾಕೋದು ಬಂದೈತಲ್ಲ. ಈ ಕುಂಬ್ಳಕಾಯಿ ಎತ್ಕೊಂಡ್ ಓಗ್ತಿದ್ದೀಯಲ್ಲ!"

"ಟೀವಿ ಅಲ್ಲ ಕಣಮ್ಮ. ಕಂಪ್ಯೂಟರ್ ತಲೆ. ದೇಹ ಮನೇಲೈತೆ. ತಲೆ ಇಲ್ದೆ ಸುಮ್ನೆ ಕೂತೈತೆ."

"ಅಯ್ಯೋ, ನಮ್ಮ ಯಜಮಾನ್ರೂ ಅಂಗೇ ಕಣಕ್ಕಾ."

ಬೋಗಿಯಲ್ಲಿ ನಕ್ಕವರೆಲ್ಲರಿಗಿಂತ ಜೋರಾಗಿ ನಕ್ಕವರು ಇಂದ್ರಾಣಕ್ಕನೇ. ಬಂಗಾರಪೇಟೆಯ ಗುಜರಿ ಅಂಗಡಿಯಲ್ಲಿ, ಒಡೆದ ಫ್ಯಾನುಗಳ ಕೆಳಗೆ ಆ ಮಾನಿಟರು ಸಿಕ್ಕಿತ್ತಂತೆ. ಹಿಂದೆ ಚಾಚಿಕೊಂಡ ಗಾಜಿನ ಕೊಳವೆಯೇ ಅದರ ಕತ್ತು. ಕೋರಮಂಡಲ್‌ನಲ್ಲಿ ಇಳಿಸಿದಾಗ ಅವರ ಗಂಡ ಕಾಂತರಾಜ್ ಸ್ಕೂಲ್ ವ್ಯಾನು ತಂದು ನಿಲ್ಲಿಸಿಕೊಂಡಿದ್ದರು. ಖಾಸಗಿ ಶಾಲೆಯೊಂದಕ್ಕೆ ವ್ಯಾನು ಓಡಿಸುವುದು ಅವರ ಕೆಲಸ. ಗಂಟನ್ನು ನೋಡಿ ಅವರು ಹೇಳಿದ್ದು ಒಂದೇ ಮಾತು: "ಇನ್ನೊಂದು ಮಗು ಅಡ್ಮಿಷನ್ ಆಯ್ತಾ?"

ಹಾಗೆ ಶುರುವಾದ ಪರಿಚಯ. ಮುಂದಿನ ಭಾನುವಾರ ಅವರ ಮನೆಗೆ ಹೋದೆ. ಗಣಿ ಕಾರ್ಮಿಕರಿಗೆಂದು ಕಟ್ಟಿದ ಸಾಲುಮನೆಗಳಲ್ಲಿ ಒಂದು ಅದು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹುಕ್ಕು ಕಾಜ ಆಗಬೇಕಾದ ಬ್ಲೌಸುಗಳ ರಾಶಿ. ಒಳಕೋಣೆಯಲ್ಲಿ ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ತುಂಬ ಕಂಪ್ಯೂಟರುಗಳು. ಹಾಲಿನ ಬಣ್ಣದಿಂದ ಹಳದಿಗೆ ತಿರುಗಿದ ಕ್ಯಾಬಿನೆಟ್ಟುಗಳು, ಟೀವಿಗೆ ಜೋಡಿಸಿ ಆಟ ಆಡಿಸುತ್ತಿದ್ದ ಒಂದು ಪುಟ್ಟ ಯಂತ್ರ, ಕಾಗದದ ಎರಡೂ ಅಂಚಿಗೆ ತೂತಿರುವ ಹಳೇ ಪ್ರಿಂಟರು. ಕೀಬೋರ್ಡುಗಳನ್ನು ಮೊಳೆಗೆ ಸಾಲಾಗಿ ನೇತುಹಾಕಿದ್ದರು. ಚಿಕ್ಕ ಸ್ಕ್ರೂಗಳೆಲ್ಲ ಬ್ಲೌಸ್ ಹುಕ್ಕಿನ ಡಬ್ಬಿಗಳಲ್ಲಿ, ಫ್ಲಾಪಿಗಳು ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ.

ರಿಪೇರಿಯ ಸಾಮಾನೂ ಹೊಲಿಗೆಯ ಸಾಮಾನೂ ಅವರಲ್ಲಿ ಬೇರೆ ಬೇರೆ ಇರಲಿಲ್ಲ. ಫ್ಲಾಪಿ ಡ್ರೈವಿನ ಹಳಿಗೆ ಹಾಕುತ್ತಿದ್ದುದು ಹೊಲಿಗೆ ಯಂತ್ರದ ಎಣ್ಣೆ. ಧೂಳು ಕೆದಕಲು ಕಾಜ ಬಿಚ್ಚುವ ಸೂಜಿ. ಹಳದಿಯಾದ ಪ್ಲಾಸ್ಟಿಕ್ಕಿಗೆ ಬ್ಯೂಟಿ ಪಾರ್ಲರಿನ ಕೂದಲ ಬ್ಲೀಚು ಬಳಿದು, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ, ತಗಡಿನ ಸೂರಿನ ಮೇಲೆ ಹಪ್ಪಳ ತಿರುವಿದ ಹಾಗೆ ತಿರುವಿ ಒಣಗಿಸುತ್ತಿದ್ದರು. ಬ್ಲೌಸಿಗೆ ಕೊಟ್ಟವರು ಬಂದು, "ಇಂದ್ರಾಣಮ್ಮ, ನಂದು ಯಾವಾಗ ಕೊಡ್ತೀಯ? ಮದುವೆ ಮುಗ್ದು ನಾಮಕರಣ ಬಂತು" ಎಂದರೆ, "ನಾಮಕರಣಕ್ಕೆ ಆಕ್ಕೊಳೋಕಂತಾನೇ ನಿಧಾನ ಮಾಡಿದ್ದು ಕಣೇ, ಈಗ ಒಂದಿಂಚು ಲೂಸ್ ಬೇಕಾಯ್ತದಲ್ಲ" ಎನ್ನುತ್ತಿದ್ದರು.

ಯಾವ ಪೆಟ್ಟಿಗೆ ಬಿಚ್ಚಿದರೂ ಮೊದಲು ಒಳಗಿನ ಧೂಳನ್ನು ಬೆರಳಲ್ಲಿ ತೆಗೆದು ನೋಡುವುದು ಅವರ ಅಭ್ಯಾಸ. ಕೆಂಪಾಗಿದ್ದರೆ ಬಂಗಾರಪೇಟೆ ಕಡೆಯದು. ಟಾಲ್ಕಂ ಪೌಡರಿನಷ್ಟು ನುಣ್ಣಗೆ, ಬೂದಿ ಬಣ್ಣಕ್ಕಿದ್ದರೆ ನಮ್ಮ ಕೆಜಿಎಫ್‌ದು. ಆಷಾಢದ ಗಾಳಿಗೆ ಚಿನ್ನ ತೆಗೆದು ಬಿಸಾಕಿದ ಪುಡಿಯ ಸೈನೈಡ್ ದಿಬ್ಬಗಳಿಂದ ಎದ್ದು ಬರುವ ಆ ಪುಡಿ ಮುಚ್ಚಿದ ಕಿಟಕಿಯನ್ನೂ ಬಿಡುವುದಿಲ್ಲ, ಮುಚ್ಚಿದ ಕಂಪ್ಯೂಟರನ್ನೂ ಬಿಡುವುದಿಲ್ಲ.

ಅವರು ಕಂಪ್ಯೂಟರಿನ ಒಳಗಿನ ಸರ್ಕ್ಯೂಟ್ ಬೋರ್ಡುಗಳನ್ನು ನೀರಿನಲ್ಲಿ ತೊಳೆಯುತ್ತಿದ್ದರು ಎಂದರೆ ನಾನು ಮೊದಲು ನಂಬಲಿಲ್ಲ. ಕರೆಂಟು ಇಲ್ಲದಿದ್ದಾಗ ತೊಳೆದು, ಪೂರ್ತಿ ಒಣಗಿಸಿದರೆ ಏನೂ ಆಗುವುದಿಲ್ಲವಂತೆ. ನೀರು ಮಾತ್ರ ಸರಿ ಇರಬೇಕು. ಮೊದಮೊದಲು ಇದು ಗೊತ್ತಿಲ್ಲದೆ, ಪಾತ್ರೆ ತೊಳೆಯುವ ಬೋರ್‌ವೆಲ್ ನೀರಲ್ಲೇ ಒಂದು ಒಳ್ಳೆಯ ಬೋರ್ಡನ್ನು ತೊಳೆದುಬಿಟ್ಟಿದ್ದರು. ನಮ್ಮ ಕಡೆಯ ನೀರು ಕುದಿಸಿದ ಪಾತ್ರೆಯ ತಳ ನೋಡಿದವರಿಗೆ ಮುಂದಿನದು ಹೇಳಬೇಕಿಲ್ಲ. ಒಣಗಿದ ಬೋರ್ಡು ವಿಭೂತಿ ಬಳಿದುಕೊಂಡ ಹಾಗೆ ಬೆಳ್ಳಗಾಗಿ ಸತ್ತಿತ್ತು. "ನನ್ನ ಕೈಯಾರೆ ಸಾಯಿಸ್ದೆ" ಎಂದು ಅದನ್ನೂ ಎತ್ತಿಟ್ಟಿದ್ದಾರೆ.

ಆಮೇಲೆ ಅವರಿಗೆ ಸಿಕ್ಕಿದ್ದು ಏಸಿಯ ನೀರು. ರಾಬರ್ಟ್‌ಸನ್‌ಪೇಟೆಯ ಒಂದು ಎಟಿಎಂನ ಹಿಂಭಾಗದಲ್ಲಿ ಏಸಿ ಪೈಪಿನಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪಿಲ್ಲ, ಸುಣ್ಣವಿಲ್ಲ. ಅಲ್ಲಿನ ಕಾವಲುಗಾರ ಚಲಪತಿ ಇವರ ತವರಿನವನು, ಕ್ಯಾಸಂಬಳ್ಳಿ ಹತ್ತಿರದ ಊರಿನವನು. ಪೈಪಿನ ಕೆಳಗೆ ಕ್ಯಾನು ಇಟ್ಟು ತುಂಬಿಸಿಕೊಡುತ್ತಾನೆ. "ಎಲ್ರೂ ಬಂದು ದುಡ್ಡು ತಗೊಂಡ್ ಓಗ್ತಾರೆ, ಬ್ಯಾಂಕಿಗೆ ಬಂದು ನೀರು ತಗೊಂಡ್ ಓಗೋಳು ನೀನೊಬ್ಳೇ ಅಕ್ಕಯ್ಯ" ಎನ್ನುತ್ತಾನೆ.

ಇಷ್ಟೆಲ್ಲ ಯಂತ್ರಗಳಿದ್ದರೂ ಅವರ ಮನಸ್ಸಿದ್ದುದು ಮನೆಯಲ್ಲಿಲ್ಲದ ಒಂದರ ಮೇಲೆ.

ಇಂದ್ರಾಣಕ್ಕ ಹುಟ್ಟಿದ್ದು ರಾಗಿ ಹೊಲ, ಒಂದಷ್ಟು ಕುರಿ ಇದ್ದ ಮನೆಯಲ್ಲಿ. ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು, ರಾಬರ್ಟ್‌ಸನ್‌ಪೇಟೆಯ ತರಬೇತಿ ಕೇಂದ್ರವೊಂದರಲ್ಲಿ ಟೈಪಿಂಗ್ ಹೇಳಿಕೊಡುವ ಕೆಲಸಕ್ಕೆ ಸೇರಿದರು. ಒಂದು ದಿನ ಅಲ್ಲಿಗೆ ಕಂಪ್ಯೂಟರು ಬಂತು. ಆ ಕಾಲಕ್ಕೆ ದೊಡ್ಡದೆನಿಸಿದ್ದ ತ್ರೀ ಎಯ್ಟಿ ಸಿಕ್ಸ್. ಅದಕ್ಕೊಂದು ಪ್ರತ್ಯೇಕ ಕೋಣೆ, ಪರದೆ, ಊರಲ್ಲಿ ಯಾರ ಮನೆಯಲ್ಲೂ ಇಲ್ಲದ ಏಸಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಟೈಪಿಂಗ್ ಗೊತ್ತಿದ್ದುದರಿಂದ ಇವರನ್ನೇ ಅದರ ಮುಂದೆ ಕೂರಿಸಿದರು. ಕಪ್ಪು ಪರದೆಯ ಮೇಲೆ ತನ್ನ ಹೆಸರಿನ ಅಕ್ಷರಗಳು ಮೂಡಿದ್ದನ್ನು ಹೇಳುವಾಗ ಅವರ ಬೆರಳುಗಳು ತಾವಾಗಿಯೇ ಗಾಳಿಯಲ್ಲಿ ಆಡುತ್ತವೆ. ಮುಂದೆ ಗಣಿ ಕೆಲಸದವರ ಎಷ್ಟೋ ಮಕ್ಕಳಿಗೆ ಅದೇ ಯಂತ್ರದ ಮೇಲೆ ಪಾಠ ಹೇಳಿದರು. ಅದರ ಚಿಕ್ಕದೊಂದು ಗುಂಡಿ ಮುರಿದಾಗ ಬ್ಲೌಸಿನ ಕೆಂಪು ಗುಂಡಿಯೊಂದನ್ನು ಅಂಟಿಸಿ ಕೂರಿಸಿದ್ದೂ ಅವರೇ.

ಎರಡು ಸಾವಿರದ ಒಂದರಲ್ಲಿ ಗಣಿ ಮುಚ್ಚಿತು. ಕಲಿಯುವವರು ಕಡಿಮೆಯಾಗಿ ಕೇಂದ್ರವೂ ಮುಚ್ಚಿತು. ಆ ಕಂಪ್ಯೂಟರನ್ನು ಅದೇ ಪೇಟೆಯಲ್ಲಿ ಲಗ್ನಪತ್ರಿಕೆ ಪ್ರೆಸ್ ನಡೆಸುತ್ತಿದ್ದ ಕೋದಂಡಪ್ಪ ಎಂಬುವರು ಕೊಂಡರು. ವೈರುಗಳನ್ನು ಬಿಚ್ಚಿ, ಸೀರೆ ಸುತ್ತಿ ಕಳಿಸಿಕೊಟ್ಟವರು ಇಂದ್ರಾಣಕ್ಕ. ಆಮೇಲೆ ಮದುವೆ, ಹೊಲಿಗೆ, ಸಂಸಾರ. ವರ್ಷಗಳ ಮೇಲೆ, ಹಳೇ ಯಂತ್ರಗಳ ಹುಚ್ಚು ಹತ್ತಿದ ಮೇಲೆ, ಒಮ್ಮೆ ಆ ಪ್ರೆಸ್ಸಿಗೆ ಹೋದರೆ, ದೇವರ ಪಟಗಳ ಕೆಳಗಿನ ಪೀಠದ ಮೇಲೆ ಅದು ಕೂತಿತ್ತು. ಮೈತುಂಬ ಅರಿಶಿನ ಕುಂಕುಮ, ಮೇಲೊಂದು ಮಾಲೆ. ಕೆಂಪು ಗುಂಡಿ ನೋಡಿ ಗುರುತು ಹಿಡಿದರು.

ಕೋದಂಡಪ್ಪ ತೀರಿಕೊಂಡಿದ್ದರು. ಪ್ರೆಸ್ಸನ್ನು ಮಗ ಗೋಪಿನಾಥ್ ನೋಡಿಕೊಳ್ಳುತ್ತಿದ್ದ. ಪೀಠದ ಪಕ್ಕದ ಕುರ್ಚಿಯಲ್ಲಿ ಕೂತು ಕಾರ್ಡು ಎಣಿಸುತ್ತ ಪ್ರೆಸ್ಸನ್ನೂ ಮಗನನ್ನೂ ನೋಡಿಕೊಳ್ಳುತ್ತಿದ್ದವರು ಕೋದಂಡಪ್ಪನವರ ಹೆಂಡತಿ ಗಂಗರತ್ನಮ್ಮ. ಕೆಟ್ಟು ನಿಂತಮೇಲೂ ಆ ಕಂಪ್ಯೂಟರಿಗೆ ಯಜಮಾನರು ದಿನಾ ಬೆಳಿಗ್ಗೆ ಕೈಮುಗಿಯುತ್ತಿದ್ದರೆಂದು ಈಕೆ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

"ಅಮ್ಮಂಗೆ ಅದು ದೇವ್ರು ಮೇಡಂ" ಎಂದಿದ್ದ ಗೋಪಿನಾಥ್. "ನಂಗೆ ಆ ಜಾಗದಲ್ಲಿ ಲ್ಯಾಮಿನೇಷನ್ ಮಿಷನ್ ಇಡ್ಬೇಕಿತ್ತು."

"ಇಡಪ್ಪ, ಇಡು. ನನ್ನನ್ನೂ ಎತ್ತಿ ಆಚೆ ಇಟ್ಬಿಡು, ಇನ್ನೂ ಜಾಗ ಆಯ್ತದೆ" ಎಂದಿದ್ದರು ಗಂಗರತ್ನಮ್ಮ.

ಇಂದ್ರಾಣಕ್ಕನ ಚಿಂತೆ ಬೇರೆ ಇತ್ತು. ಆ ಕಾಲದ ಯಂತ್ರಗಳ ಬೋರ್ಡಿನ ಮೇಲೆ, ಗಡಿಯಾರ ನಿಲ್ಲದಿರಲೆಂದು, ಒಂದು ಪುಟ್ಟ ಬ್ಯಾಟರಿ ಬೆಸೆದಿರುತ್ತಾರೆ. ಹಳತಾದರೆ ಅದು ಸೋರುತ್ತದೆ. ಸೋರಿದ ರಸ ಬೋರ್ಡಿನ ತಾಮ್ರದ ಗೆರೆಗಳನ್ನು ಗೆದ್ದಲಿನ ಹಾಗೆ ತಿನ್ನುತ್ತ ಹೋಗುತ್ತದೆ. ಬೇಗ ತೆಗೆದರೆ ಯಂತ್ರ ಉಳಿಯುತ್ತದೆ, ಬಿಟ್ಟರೆ ಇಲ್ಲ. ಅವರ ಮನೆಗೆ ಬಂದ ಎಷ್ಟೋ ಯಂತ್ರಗಳು ಹಾಗೆ ಸತ್ತೇ ಬಂದಿದ್ದವು. ತಾನು ಕಲಿತ ಯಂತ್ರ ಹೂವು ಮುಡಿದುಕೊಂಡು ಒಳಗೊಳಗೇ ಸಾಯುತ್ತಿದೆ, ಅದನ್ನು ಮನೆಗೆ ತಂದು ಬದುಕಿಸಬೇಕು. ಅವರಿಗೆ ಬೇಕಿದ್ದುದು ಇಷ್ಟೇ.

ಕಾರ್ಡು ಮಾಡಿಸುವ ನೆಪದಲ್ಲಿ ಮತ್ತೆ ಮತ್ತೆ ಹೋದರು. 'ಇಂದ್ರಾಣಿ ಟೈಲರ್ಸ್' ಎಂಬ ವಿಸಿಟಿಂಗ್ ಕಾರ್ಡುಗಳು ಮನೆಯಲ್ಲಿ ಕಟ್ಟುಕಟ್ಟಾಗಿ ಬಿದ್ದವು; ಅವುಗಳ ಹಿಂದೆ ಬ್ಲೌಸಿನ ಅಳತೆ ಬರೆದುಕೊಳ್ಳುತ್ತಿದ್ದರು. ಒಂದು ಸಲ ಧೈರ್ಯ ಮಾಡಿ, "ಅಮ್ಮ, ಅದ್ರೊಳಗೆ ಬ್ಯಾಟ್ರಿ ಕೊಳೀತೈತೆ, ಬಿಚ್ಚಿ ತೆಗೀಬೇಕು" ಎಂದರು.

"ದೇವ್ರ ಒಟ್ಟೇಲಿ ಕೊಳೀತೈತೆ ಅಂತೀಯಾ? ನಿನ್ ಕಾರ್ಡ್ ಆಯ್ತಲ್ಲ, ಎದ್ದೋಗಮ್ಮೋ" ಎಂದು ಗಂಗರತ್ನಮ್ಮ ಮುಖ ತಿರುಗಿಸಿದರು. ಇದೆಲ್ಲ ನಾನು ಅವರನ್ನು ಕಾಣುವ ಮೊದಲೇ ನಡೆದದ್ದು.

ನನಗೆ ಪರಿಚಯವಾದ ವರ್ಷವೇ ನವರಾತ್ರಿಯಲ್ಲಿ, ಕಾಲೇಜಿನ ಒಂದು ಆಹ್ವಾನಪತ್ರಿಕೆ ಮಾಡಿಸಲು ನಾನು ಆ ಪ್ರೆಸ್ಸಿಗೆ ಹೊರಟೆ. "ನಾನೂ ಬತ್ತೀನಿ ತಡಿ" ಎಂದು ಇಂದ್ರಾಣಕ್ಕ ಜೊತೆಗೆ ಬಂದರು. ಆಯುಧಪೂಜೆ ಹತ್ತಿರವಿತ್ತು. ಪ್ರೆಸ್ಸಿನ ಮುಂದೆ ಕಾಗದ ಕತ್ತರಿಸುವ ಯಂತ್ರದ ಬ್ಲೇಡುಗಳನ್ನು ಬಿಚ್ಚಿ ಉಜ್ಜುತ್ತಿದ್ದರು. ಗಂಗರತ್ನಮ್ಮ ಕುರ್ಚಿಯನ್ನು ಬಾಗಿಲಿಗೇ ಹಾಕಿಸಿಕೊಂಡು, "ಅಲ್ಲಿ ಎಣ್ಣೆ ಜಿಡ್ಡು ಅಂಗೇ ಐತೆ, ಕಣ್ಣು ಕಾಣಲ್ವಾ?" ಎಂದು ಬೈಯುತ್ತಿದ್ದರು. ನಮ್ಮನ್ನು ನೋಡಿ, "ಬಂದ್ಳಪ್ಪ ಕಾರ್ಡಮ್ಮ" ಎಂದರು.

ಇಂದ್ರಾಣಕ್ಕ ಬೇಜಾರು ಮಾಡಿಕೊಳ್ಳಲಿಲ್ಲ. ಮೆಟ್ಟಿಲ ಮೇಲೆ ಕೂತು ಸುಮ್ಮನೆ ಉಜ್ಜುವುದನ್ನು ನೋಡುತ್ತಿದ್ದು, ಕೇಳಿದರು: "ಅಮ್ಮ, ನಿಮ್ಮ ತವರಲ್ಲಿ ಕುಡ್ಲಿಗೆ ಪೂಜೆ ಮಾಡ್ತಿರ್ಲಿಲ್ವಾ?"

"ಮಾಡ್ದೆ? ಕುಡ್ಲು, ಗುದ್ಲಿ, ನೇಗ್ಲು ಎಲ್ಲಾಕ್ಕೂ."

"ತೊಳೀದೆ ಕುಂಕುಮ ಇಡ್ತಿದ್ರಾ?"

"ಅದೆಂಗೆ ಇಡ್ತಾರೆ? ಕೆರೆಗೆ ತಗೊಂಡೋಗಿ, ಮರಳಾಕಿ ಉಜ್ಜಿ, ಮುಖ ಕಾಣ್ಬೇಕು ಅಂಗೆ ತೊಳೀತಿದ್ವಿ."

"ಪೂಜೆ ಆದ್ಮೇಲೆ?"

"ಆದ್ಮೇಲೇನು, ಮಾರನೇ ದಿನ ಒಂದಿಡಿ ಉಲ್ಲಾದ್ರೂ ಕುಯ್ಲೇಬೇಕು. ಕೆಲ್ಸ ಮಾಡಿಸ್ದೆ ಎತ್ತಿಟ್ರೆ ಪೂಜೆ ಪೂರ್ತಿ ಆಗಲ್ಲ. ಅಷ್ಟೂ ಗೊತ್ತಿಲ್ವಾ ನಿಂಗೆ, ರೈತ್ರ ಮಗಳು?"

ಹಾಗೆಂದ ಗಂಗರತ್ನಮ್ಮನೇ ಕುರ್ಚಿಯಲ್ಲಿ ತಿರುಗಿ ಪೀಠದ ಕಡೆ ನೋಡಿದರು. ಬ್ಲೇಡು ಉಜ್ಜುತ್ತಿದ್ದವರೂ ಕೈ ನಿಲ್ಲಿಸಿದರು.

"ಅದನ್ನ ತೊಳೀಬೋದಾ? ನೀರು ಬಿದ್ರೆ ಓಗಲ್ವಾ?"

"ಅದಕ್ಕೇ ಅಂತ ಒಂದು ನೀರೈತಮ್ಮ."

"ಯಾವ್ದು, ಗಂಗೆದಾ?"

"ಬ್ಯಾಂಕಿಂದು."

ಗಂಗರತ್ನಮ್ಮ ನಗಲಿಲ್ಲ, ಆದರೆ ಕೋಪವನ್ನೂ ಮಾಡಲಿಲ್ಲ. "ಪೂಜೆ ದಿನ ಬೆಳಿಗ್ಗೆ ಇಲ್ಲಿರ್ಬೇಕು. ಒಂದು ಮೊಳೆ ಕಮ್ಮಿ ಆದ್ರೂ ನಿನ್ ಮನೆ ಮುಂದೆ ಬಂದು ಕೂತ್ಕೊತೀನಿ" ಎಂದರು. ಗೋಪಿನಾಥ್ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

ಮನೆಗೆ ತಂದು ಬಿಚ್ಚಿದಾಗ ನಾನಿದ್ದೆ, ಡ್ಯೂಟಿ ಮುಗಿಸಿಕೊಂಡು ನೀರಿನ ಕ್ಯಾನು ಹಿಡಿದು ಬಂದ ಚಲಪತಿಯೂ ಇದ್ದ. ಫ್ಲಾಪಿ ತೂರಿಸುವ ಬಾಯಿಯ ತುಂಬ ಕುಂಕುಮ ಗಟ್ಟಿಯಾಗಿ ಕೂತಿತ್ತು. ಗಾಳಿ ಆಡುವ ಸಂದಿಗಳಿಂದ ಇಳಿದ ಊದುಬತ್ತಿ ಬೂದಿ, ದಿಬ್ಬದ ಪುಡಿ, ಎಲ್ಲ ಪದರ ಪದರವಾಗಿತ್ತು. ಮೂಲೆಯಲ್ಲಿ ನೀಲಿ ಬ್ಯಾಟರಿ ಸೋರಿ, ಸುತ್ತಲೂ ಹಸಿರು ಹಕ್ಕಳೆ ಕಟ್ಟಿತ್ತು. ಇಂದ್ರಾಣಕ್ಕ ಕನ್ನಡಕ ಏರಿಸಿ ನೋಡಿ, "ಪೂರ್ತಿ ತಿಂದಿಲ್ಲ" ಎಂದರು. ಧ್ವನಿ ಮಾತ್ರ ಅಷ್ಟು ಧೈರ್ಯವಾಗಿರಲಿಲ್ಲ.

ಬ್ಯಾಟರಿ ಕಿತ್ತು, ಪೂಜೆಗೆಂದು ತಂದಿಟ್ಟಿದ್ದ ನಿಂಬೆಹಣ್ಣನ್ನೇ ಕೊಯ್ದು ಆ ಹಕ್ಕಳೆಗೆ ಹಿಂಡಿದರು. ಬುಸುಬುಸು ಎಂದು ಸಣ್ಣ ನೊರೆ ಎದ್ದಿತು. ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಏಸಿ ನೀರಿನಲ್ಲಿ ತೊಳೆದು, ಮೊರದ ಮೇಲಿಟ್ಟು ಬಿಸಿಲಿಗೆ ಹಾಕಿದರು. ಒಣಗಿದ ಮೇಲೆ, ತಿಂದುಹೋದ ಗೆರೆಗಳ ಜಾಗಕ್ಕೆ ಹಳೇ ಟೆಲಿಫೋನಿನ ಒಳಗಿಂದ ತೆಗೆದ ಕೂದಲೆಳೆಯಂಥ ತಂತಿಯನ್ನು ಬೆಸೆದರು. ಕಾಜ ಹಾಕುವ ಕೈ ಅದು.

ಪೂಜೆಯ ಹಿಂದಿನ ದಿನ ಮಧ್ಯಾಹ್ನ ಕರೆಂಟು ಕೊಟ್ಟರು. ಫ್ಯಾನು ತಿರುಗಿತು. ಪರದೆ ಕಪ್ಪಗೇ ಇತ್ತು. ಆರಿಸಿ ಮತ್ತೆ ಕೊಟ್ಟರು. ಕಪ್ಪು. ಕಾಂತರಾಜ್ ಬಾಗಿಲಲ್ಲಿ ನಿಂತವರು ಏನೋ ತಮಾಷೆ ಮಾಡಲು ಬಾಯಿ ತೆರೆದು, ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡರು. ಇಂದ್ರಾಣಕ್ಕ ಮತ್ತೆ ಬಿಚ್ಚಿ, ಮೆಮೊರಿ ಪಟ್ಟಿಗಳನ್ನು ಒಂದೊಂದೇ ಎತ್ತಿದರು. ಒಂದರ ಹಲ್ಲಿನಲ್ಲಿ ಇನ್ನೂ ಕುಂಕುಮ ಉಳಿದಿತ್ತು. ರಬ್ಬರಿನಲ್ಲಿ ಉಜ್ಜಿ ಕೂರಿಸಿದರು.

ಈ ಸಲ ಕುಂಯ್ ಎಂದು ಒಂದು ಕೂಗು. ಪರದೆಯ ಮೂಲೆಯಲ್ಲಿ ಅಂಕಿಗಳು ಏರತೊಡಗಿದವು.

"ಕೂಗ್ತು!" ಎಂದರು ಇಂದ್ರಾಣಕ್ಕ. "ಕೇಳಿಸ್ತೇನ್ಲಾ ಚಲಪತಿ, ಅದೇ ಕೂಗು! ನಾನು ಮರ್ತಿಲ್ಲ ಕಣ್ಲಾ!" ಕೊರಳ ಟೇಪಿನ ತುದಿಯಿಂದಲೇ ಕಣ್ಣೊರೆಸಿಕೊಂಡರು. ಹಾರ್ಡ್ ಡಿಸ್ಕು ಸತ್ತಿತ್ತು. ಬಿಸ್ಕತ್ತಿನ ಡಬ್ಬದಿಂದ ಒಂದು ಫ್ಲಾಪಿ ತೂರಿಸಿದರೆ, ಗರಗರ ಎಂದು ಓದಿಕೊಂಡು ಯಂತ್ರ ಸಿದ್ಧವಾಗಿ ನಿಂತಿತು.

ಆಗ ಚಲಪತಿ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ಅಕ್ಕಯ್ಯ, ಒಂದು ಮಾತೇಳ್ತೀನಿ. ಇಂಥದೇ ಓಡೋ ಬೋರ್ಡು ನಿನ್ನತ್ರ ಇನ್ನೊಂದೈತಲ್ಲ. ಅದನ್ನ ಡಬ್ಬದೊಳಗಾಕಿ ಆಯಮ್ಮಂಗೆ ಕೊಡು. ಇದನ್ನ ನೀನಿಟ್ಕೋ. ಆಯಮ್ಮ ಕುಂಕುಮ ನೋಡ್ತಾಳೆ, ಬೋರ್ಡ್ ನೋಡ್ತಾಳಾ?"

ಇಂದ್ರಾಣಕ್ಕ ಕೀಬೋರ್ಡಿನ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದರು.

ಮರುದಿನ ಬೆಳಿಗ್ಗೆ ವ್ಯಾನಿನಲ್ಲಿ ಹೊರಟಾಗ ಸೀಟಿನ ಮೇಲೆ ಕಂಪ್ಯೂಟರು, ಅವರ ಮಡಿಲಲ್ಲಿ ಒಂದು ಬಟ್ಟೆಯ ಚೀಲ. ಯಾವ ಬೋರ್ಡು ಎಲ್ಲಿದೆಯೆಂದು ನಾನು ಕೇಳಲಿಲ್ಲ. ಪ್ರೆಸ್ಸಿನಲ್ಲಿ ಪೀಠದ ಮೇಲೆ ಕೂರಿಸಿ, ಅವರು ಚೀಲದಿಂದ ಇನ್ನೊಂದು ಬೋರ್ಡನ್ನು ತೆಗೆದು ಗಂಗರತ್ನಮ್ಮನ ಮುಂದೆ ಹಿಡಿದರು.

"ಅಮ್ಮ, ನಿಮ್ದು ಅಂಗೇ ಒಳಗೈತೆ. ಬದುಕ್ಕೊಂಡೈತೆ. ನಾನು ಕಲ್ತಿದ್ದು ಅದ್ರ ಮೇಲೆ. ಅದನ್ನ ನಂಗೆ ಕೊಟ್ರೆ, ಈ ಇನ್ನೊಂದನ್ನ ಒಳಗಾಕಿ ಕೊಡ್ತೀನಿ. ಇದೂ ಚೆನ್ನಾಗೈತೆ. ಮೇಲ್ಗಡೆ ಏನೂ ಬದ್ಲಾಗಲ್ಲ."

ಗಂಗರತ್ನಮ್ಮ ಬೋರ್ಡನ್ನು ತಿರುಗಿಸಿ ನೋಡಿ, ಪೀಠದ ಮೇಲಿನ ಕಂಪ್ಯೂಟರಿನ ಕಡೆ ಕೈ ತೋರಿಸಿದರು. "ನಮ್ಮ ರೂಪನ ಲಗ್ನಪತ್ರಿಕೆ ಯಜಮಾನ್ರು ಮಾಡಿದ್ದು ಇದ್ರಲ್ಲೇ. ಮೊದಲ್ನೇದು ಅದೇ. ಮಗಳ ಎಸ್ರು ಟೀವಿ ಮೇಲೆ ಬಂತು ಅಂತ ಊರಿಗೆಲ್ಲಾ ಏಳಿದ್ರು. ಆ ಪತ್ರಿಕೆ ಮಾಡಿದ್ದು ಮೇಲಿನ ಡಬ್ಬಾನಾ, ಒಳಗಿಂದಾ?"

"ಒಳಗಿಂದು" ಎಂದರು ಇಂದ್ರಾಣಕ್ಕ.

"ಮತ್ತೆ? ಅದನ್ನೆಂಗೆ ಕೊಡ್ಲಿ?"

ಇಂದ್ರಾಣಕ್ಕ ಬೋರ್ಡನ್ನು ವಾಪಸು ತೆಗೆದುಕೊಂಡು, ಬಟ್ಟೆ ಸುತ್ತಿ ಚೀಲಕ್ಕೆ ಹಾಕಿದರು. ಆಸೆ ಅಷ್ಟು ಬೇಗ ಮುಗಿದದ್ದು ಮುಖದಲ್ಲಿ ಕಾಣುತ್ತಿತ್ತು. ಗಂಗರತ್ನಮ್ಮ "ಕದ್ದು ಬದ್ಲಾಯಿಸಿದ್ರೂ ನಂಗೇನು ತಿಳೀತಿತ್ತು? ಆದ್ರೂ ನೀನು ಬಾಯ್ಬಿಟ್ಟು ಕೇಳ್ದೆ. ನೀನು ಬೇಕಾದಾಗ ಬಂದು ಕೂತ್ಕೋ. ಅದಕ್ಕೂ ಕೆಲ್ಸ ಬೇಕಲ್ಲ" ಎಂದರು. ಹೇಳಿ, ತೊಳೆದ ಮೈಗೆ ಹೊಸದಾಗಿ ಕುಂಕುಮ ಇಟ್ಟರು. ಇಂದ್ರಾಣಕ್ಕ ಅವರ ಕೈ ಹಿಡಿದು, ಫ್ಲಾಪಿಯ ಬಾಯಿಯಿಂದ ದೂರಕ್ಕೆ ಸರಿಸಿದರು.

ವಿಜಯದಶಮಿಯ ದಿನ ಅದು ಕೆಲಸ ಮಾಡಬೇಕಿತ್ತಲ್ಲ. ಗಂಗರತ್ನಮ್ಮ ಚಪ್ಪಲಿ ಬಿಟ್ಟು ಬಂದು ಕೂತರು. ಅವರ ಹೆಸರಿನ ಮೊದಲ ಅಕ್ಷರ ಯಾವುದೆಂದು ಇಂದ್ರಾಣಕ್ಕ ತೋರಿಸಿದರು. ಅವರು ಅದರ ಮೇಲೆ ಬೆರಳಿಟ್ಟು, ರೊಟ್ಟಿ ತಟ್ಟುವಷ್ಟು ಗಟ್ಟಿಯಾಗಿ ಒತ್ತಿಯೇ ಹಿಡಿದರು. ಪರದೆಯ ಈ ತುದಿಯಿಂದ ಆ ತುದಿಗೆ ಒಂದೇ ಅಕ್ಷರ ಸಾಲುಸಾಲಾಗಿ ಓಡತೊಡಗಿತು.

"ಇದೇನಿದು, ನಿಲ್ತಾನೇ ಇಲ್ವಲ್ಲ!"

"ಬೆರಳು ತೆಗೀರಮ್ಮೋ!"

"ಮುಗೀತು ನನ್ನ ಲ್ಯಾಮಿನೇಷನ್ ಮಿಷನ್ ಕಥೆ" ಎಂದ ಗೋಪಿನಾಥ್.

ಈಗ ಇಂದ್ರಾಣಕ್ಕ ಕೋರಮಂಡಲ್‌ನ ಮನೆಯಲ್ಲಿ ಬ್ಲೌಸು ಹೊಲಿಯುತ್ತಾರೆ, ಗುಜರಿಯಿಂದ ತಂದ ಹಳೇ ಕಂಪ್ಯೂಟರುಗಳನ್ನು ರಿಪೇರಿ ಮಾಡುತ್ತಾರೆ. ಭಾನುವಾರ ಪ್ರೆಸ್ಸಿಗೆ ಹೋಗಿ ಆ ತ್ರೀ ಎಯ್ಟಿ ಸಿಕ್ಸ್‌ನ ಮುಂದೆ ಕೂತು ಗಂಗರತ್ನಮ್ಮನಿಗೆ ಟೈಪಿಂಗ್ ಹೇಳಿಕೊಡುತ್ತಾರೆ. ನವರಾತ್ರಿಗೆ ಮೊದಲು ಚಲಪತಿ ತುಂಬಿಸಿಕೊಟ್ಟ ನೀರಿನ ಕ್ಯಾನು ಹಿಡಿದು ರೈಲು ಹತ್ತಿ, ಕೆಜಿಎಫ್ ಮತ್ತು ಬಂಗಾರಪೇಟೆಯ ಅಂಗಡಿಗಳಲ್ಲಿ ಕರೆದವರ ಹಳೇ ಕಂಪ್ಯೂಟರುಗಳನ್ನು ಪೂಜೆಗೆ ತೊಳೆದು ಕೊಡುತ್ತಾರೆ.